ಗಾಳಿ ಇತ್ತೋ, ಇಲ್ಲವೋ

ಹೊಗಳಿಸಿಕೊಂಡು ಸಿಟ್ಟಿಗೆದ್ದ ಮನುಷ್ಯನನ್ನು ಸಿರುಗುಪ್ಪದವರು ಅದುವರೆಗೆ ಕಂಡಿರಲಿಲ್ಲ. ಗವಿಸಿದ್ದಪ್ಪ ಮಾಸ್ತರು ಬರೆದ ದೆವ್ವದ ಕಥೆ ಬಳ್ಳಾರಿಯ ಮಾಸಪತ್ರಿಕೆಯಲ್ಲಿ ಅಚ್ಚಾದ ದಿನದಿಂದ ಹೋಟೆಲಿನಲ್ಲಿ, ಬಸ್ಸು ನಿಲ್ಲುವ ಕಟ್ಟೆಯಲ್ಲಿ, ಎಲ್ಲೆಲ್ಲೂ ಅದೇ ಮಾತು. ಗಡಿಯಂಚಿನ ಕರೂರಿನಿಂದ ಬಂದವರು ಅದನ್ನು ತೆಲುಗಿನಲ್ಲಿ ಹೇಳಿ ತಮ್ಮವರನ್ನೂ ಹೆದರಿಸಿದ್ದರು. ಗಾಳಿ ಇತ್ತೋ ಇಲ್ಲವೋ ತಿಳಿಯದೆ ನಿದ್ದೆಯೇ ಹತ್ತಲಿಲ್ಲ, ಎಂಥ ಕೊನೆ ಬರೆದಿರಿ ಎಂದು ಒಬ್ಬೊಬ್ಬರೂ ಕೈ ಹಿಡಿದುಕೊಳ್ಳುವವರೇ. ಮಾಸ್ತರು ಕೈ ಕೊಸರಿಕೊಂಡು ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಆ ಕೊನೆ ಅವರು ಬರೆದದ್ದೇ ಅಲ್ಲ.

ಕಥೆ ಅವರ ತಂಗಿ ಕೊಟ್ರಮ್ಮನದು. ಅವಳನ್ನು ಕುರುಗೋಡಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅವನು ಸಾಕಿದ್ದ ಎತ್ತು ಅವಳ ದನಿಗೆ ಕದಲದೆ ಹೋಯಿತು. ಗಂಟಲು ದಪ್ಪ ಮಾಡಿ, ಗಂಡ ಕೂಗುತ್ತಿದ್ದ ಹಾಗೆಯೇ ಕೂಗಿದರೆ ಮಾತ್ರ ಕೊಟ್ಟಿಗೆಗೆ ಬರುತ್ತಿತ್ತು. ಸಂಜೆಯಾದರೆ ಸತ್ತವನ ದನಿ ಕೇಳುವ ಓಣಿ ಸುಮ್ಮನಿದ್ದೀತೇ? ಕೊಟ್ರಮ್ಮನಿಗೆ ಗಂಡನ ಗಾಳಿ ಹಿಡಿದಿದೆ ಎಂದಿತು. ಎತ್ತಿನ ಸಂಗತಿ ಚೆನ್ನಾಗಿ ಗೊತ್ತಿದ್ದೂ ಆ ಮಾತಿಗೆ ಉಪ್ಪು ಖಾರ ಹಚ್ಚಿದವನು ಅವಳ ಮೈದುನ ಅಯ್ಯಣ್ಣ. ಹುಚ್ಚಿಯೆಂದು ಅತ್ತಿಗೆಯನ್ನು ಹೊರಗೆ ಹಾಕಿ ಮನೆ, ಹೊಲ ಎರಡನ್ನೂ ನುಂಗುವುದು ಆ ಪುಣ್ಯಾತ್ಮನ ಹಂಚಿಕೆ. ಮಾಸ್ತರು ಹೆಸರು ಬದಲಿಸಿ ಕಥೆ ಬರೆದದ್ದೇ ಊರ ಬಾಯಿ ಮುಚ್ಚಿಸಲು. ಕೊನೆಯಲ್ಲಿ ಎತ್ತಿನ ಸಂಗತಿಯನ್ನು ಬಿಡಿಸಿ ಹೇಳಿ, ಗಾಳಿಯೂ ಇಲ್ಲ ಗೀಳಿಯೂ ಇಲ್ಲ ಎಂದು ಮುಗಿಸಿದ್ದರು.

ಸಂಪಾದಕ ಮರಿಬಸಪ್ಪ ಆ ಕೊನೆಯನ್ನೇ ಕತ್ತರಿಸಿ ಎಸೆದಿದ್ದ. ಅಷ್ಟಕ್ಕೇ ಬಿಡದೆ, ಉಳಿದ ಕಡೆಯ ಸಾಲಿಗೆ ತನ್ನ ಕೈಯಿಂದ ಒಂದು ‘ಅಂತೆ’ ಅಂಟಿಸಿದ್ದ. ‘ಕೊಟ್ಟಿಗೆಯಲ್ಲಿ ಕೂಗಿದವನು ಅವಳ ಗಂಡನೇ ಅಂತೆ.’ ಯಾರು ಅಂದರು, ಯಾರು ಕೇಳಿದರು, ಆ ಪದಕ್ಕೆ ಹೊಣೆಯೇ ಇಲ್ಲ. ನೋಡಿದವರಿಲ್ಲದಿದ್ದರೂ ನಂಬುವವರನ್ನು ಅದು ಹುಟ್ಟಿಸಿಬಿಡುತ್ತದೆ.

ಭಾನುವಾರ ಮಾಸ್ತರು ಬಳ್ಳಾರಿಗೆ ಹೋಗಿ ಅಚ್ಚುಕೂಟದಲ್ಲಿ ನಿಂತು ಬಾಯಿಗೆ ಬಂದಂತೆ ಬೈದರು. ಮರಿಬಸಪ್ಪ ಮೊದಲು, ಯುದ್ಧ ಮುಗಿದರೂ ಕಾಗದ ಸಿಗುವುದಿಲ್ಲ, ಅದಕ್ಕೇ ಕತ್ತರಿಸಿದೆನೆಂದ. ಆಮೇಲೆ ನಿಜ ಹೇಳಿದ.

“ಮಾಸ್ತರ, ದೆವ್ವದ ಕಥಿಯೊಳಗ ಕೊನಿಗೆ ಎತ್ತು ಬಂದು ನಿಂತ್ರ ಯಾರು ಅಂಜತಾರ್ರಿ? ತಿಳೀಲಿಲ್ಲ ಅಂದ್ರನ ಮಂದಿ ಮನಿಗೆ ಹೋಗಿನೂ ಅದನ್ನ ನೆನಸ್ತಾರ.”

“ಮಂದಿಗೆ ರುಚಿ ಆತು. ಆ ಮನಿಯಾಗ ಇರಾಕಿ ನನ್ನ ತಂಗಿ.”

ಮರಿಬಸಪ್ಪ ತಲೆ ತಗ್ಗಿಸಿದ. ಅವನಿಗೆ ಅದು ಗೊತ್ತಿರಲಿಲ್ಲ. ಮುಂದಿನ ಸಂಚಿಕೆಯಲ್ಲಿ ನಿಜವಾದ ಕೊನೆಯನ್ನು ದೊಡ್ಡ ಅಕ್ಷರದಲ್ಲಿ ಹಾಕುವುದಾಗಿ ಒಪ್ಪಿಕೊಂಡ. ಮಾಸ್ತರು ಗೆದ್ದ ಹುಮ್ಮಸ್ಸಿನಲ್ಲಿ ಅಲ್ಲಿಂದಲೇ ಕುರುಗೋಡಿನ ಬಸ್ಸು ಹತ್ತಿದರು.

ಕೊಟ್ರಮ್ಮ ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, ಕಡೆಗೆ ಯಾರನ್ನು ಕೇಳಿ ಹಾಕಿಸುತ್ತೀ ಎಂದಳು. ಮಾಸ್ತರು ಪೆಚ್ಚಾದರು. ನಿನ್ನ ಹೆಸರಿಗೆ ಹತ್ತಿದ ಮಸಿ ತೊಳೆಯುತ್ತದಲ್ಲವೇ ಎಂದರು. ಅವಳಿಗೆ ರೇಗಿಹೋಯಿತು.

“ಗಾಳಿ ಐತಿ ಅಂತ ಖಾತ್ರಿ ಇದ್ದಾಗ ಗುಡಿ ಕಂಬಕ್ಕ ಕಟ್ಟಿ ಬೇವಿನ ಬರಲ ತಗೊಂಡು ಬಡದ್ರು. ನೀ ಸಿರುಗುಪ್ಪದಾಗ ಪಾಠ ಹೇಳಾಕತ್ತಿದ್ದಿ. ಇಲ್ಲ ಅಂತ ಖಾತ್ರಿ ಆದ್ರ ಅಯ್ಯಣ್ಣ ಅಂಜಿಕಿ ಬಿಟ್ಟು ಈ ಹೊಸ್ತಿಲ ದಾಟತಾನ. ಈಗ ಅವ್ಗೂ ತಿಳಿವಲ್ದು, ಊರಿಗೂ ತಿಳಿವಲ್ದು. ಹಂಗ ಇರಲಿ ಬಿಡು.”

ಪತ್ರಿಕೆ ಕುರುಗೋಡಿಗೂ ಬಂದಿತ್ತಂತೆ. ಯಾರೋ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದರಂತೆ. ತಾನೇ ಹಬ್ಬಿಸಿದ ಸುಳ್ಳನ್ನು ಅಚ್ಚಿನ ಅಕ್ಷರದಲ್ಲಿ ಕೇಳಿ, ಅದೂ ಅವಳ ಒಡಹುಟ್ಟಿದ ಅಣ್ಣನೇ ಬರೆದದ್ದೆಂದು ತಿಳಿದು, ಅಯ್ಯಣ್ಣನಿಗೇ ಅನುಮಾನ ಹುಟ್ಟಿಕೊಂಡಿತು. ಎತ್ತು ಎತ್ತು ಎಂದು ಒಳಗೊಳಗೇ ನಗುತ್ತಿದ್ದವನು ಈಗ ಹೊತ್ತು ಇಳಿದರೆ ಓಣಿಗೆ ಕಾಲಿಡುವುದಿಲ್ಲ. ಕಂಬಕ್ಕೆ ಕಟ್ಟಿದವರೂ ಸತ್ತವನು ತಮ್ಮ ಮೇಲೆ ತಿರುಗಿಬಿದ್ದಾನೆಂದು ದೂರ ನಿಂತಿದ್ದಾರೆ.

ಮಾಸ್ತರ ಕಿವಿಯಲ್ಲಿ ಬಡಿದ ಮಾತೇ ನಿಂತಿತ್ತು. ಬಡಿದದ್ದನ್ನು ನನಗೇಕೆ ಹೇಳಲಿಲ್ಲ ಎಂದು ಕೂಗಾಡಿದರು.

“ಹೇಳಿದ್ರ ಅದನ್ನೂ ಬರೀತಿದ್ದಿ,” ಎಂದಳು ಕೊಟ್ರಮ್ಮ.

ಆ ಮಾತಿಗೆ ಅವರ ಮೈಯೆಲ್ಲ ಉರಿಯಿತು. ಬಡಿದವರ ಮೇಲೆ, ಕೊನೆ ಚೆನ್ನಾಗಿದೆಯೆಂದು ಕೈ ಹಿಡಿದವರ ಮೇಲೆ, ಒಂದು ಹೆಣ್ಣು ಬಾಗಿಲು ಹಾಕಿಕೊಂಡು ಮಲಗಬೇಕಾದರೆ ಸತ್ತವನ ಹೆದರಿಕೆ ಬೇಕಾಗುವ ಆ ಊರ ಮೇಲೆ, ಎಲ್ಲಕ್ಕಿಂತ ಹೆಚ್ಚು ತಮ್ಮ ಮೇಲೆ ಅವರಿಗೆ ಸಿಟ್ಟು ಬಂದಿತ್ತು. ಇಷ್ಟು ದಿನ ತಂಗಿಯನ್ನು ಕಾಗದದ ಮೇಲೆ ಕಾಪಾಡುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಎದ್ದು ಹೊರಗೆ ಬಂದರು. ಹೊತ್ತು ಇನ್ನೂ ಇಳಿದಿರಲಿಲ್ಲ; ಓಣಿಯ ಆಚೆ ಬದಿಯಲ್ಲಿ ಅಯ್ಯಣ್ಣ ನಿಂತಿದ್ದ. ಮಾಸ್ತರು ಬಂದದ್ದು ತಿಳಿದೇ ಬಂದಿದ್ದ. ಈಚೆಗೆ ದಾಟಿ ಬರದೆ ಅಲ್ಲಿಂದಲೇ ಕೇಳಿದ.

“ಮಾಸ್ತರ, ಬರದವ್ರು ನೀವು. ಕೂಗಿದ್ದು ಅಣ್ಣನ ಏನ್ರಿ?”

ನಿಜ ನಾಲಿಗೆಯ ತುದಿಯಲ್ಲಿತ್ತು. ಹೋಗಿ ಅವನ ಅಂಗಿ ಹಿಡಿದು, ನಿನಗೆ ಗೊತ್ತಿಲ್ಲವೇನೋ ಕಳ್ಳ ಎಂದು ಮುಖಕ್ಕೆ ಉಗಿಯಬೇಕೆನಿಸಿತು. ಬಾಗಿಲಲ್ಲಿ ಕೊಟ್ರಮ್ಮ ನಿಂತಿದ್ದಳು.

“ನನಗೂ ತಿಳೀಲಿಲ್ಲಪ್ಪ,” ಎಂದರು ಮಾಸ್ತರು.

ಅಯ್ಯಣ್ಣ ಅವರ ಮುಖವನ್ನೇ ನೋಡಿದ. ನಡುಗುತ್ತಿದ್ದ ಕೈಗಳನ್ನು ಮಾಸ್ತರು ಹಿಂದಕ್ಕೆ ಕಟ್ಟಿಕೊಂಡದ್ದು ಅವನ ಕಣ್ಣಿಗೆ ಬಿತ್ತು. ಅದು ಹೆದರಿಕೆಯದಲ್ಲ, ಸಿಟ್ಟಿನ ನಡುಕವೆಂದು ಅವನಿಗೆ ಹೇಗೆ ತಿಳಿಯಬೇಕು? ಬಂದ ದಾರಿ ಹಿಡಿದು ಬಿರಬಿರನೆ ನಡೆದ.