ಚೌಕುಳಿ ಹಾಳೆ

"ಆ ಮೊಳಿಗೆ ಏನ್ ನೇತುಹಾಕ್ಯಾರ, ಮೊದ್ಲ ತಗೀರಿ ಅದನ್ನ," ಎನ್ನುತ್ತ ಗಾದಿಲಿಂಗಪ್ಪ ಧೋತರದ ತುದಿ ಹಿಡಿದು ನಿಂತಿದ್ದ. ನಿನ್ನೆ ಸಂಜೆ ಎದೆನೋವಿನಿಂದ ತೀರಿಕೊಂಡ ಅಕ್ಕ ಶಿವಲಿಂಗಮ್ಮನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹೆಣ ವಾಲದಂತೆ ಕಟ್ಟಲು ಇನ್ನೊಂದು ಮೊಳೆ ಬೇಕಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತ ಅವಳ ನೆಗೆಣ್ಣಿ ಸಣ್ಣವ್ವ ಅಂಗಳದ ಮಂದಿಯನ್ನು ಎಣಿಸುತ್ತಿದ್ದಳು. ಬೇವೂರಿಗೆ ಬೇವೂರೇ ಬಂದಿತ್ತು, ಕುಕನೂರಿನಿಂದ ಟಂಟಂ ತುಂಬಿಕೊಂಡು ಬಂದಿದ್ದರು. ನಾಳೆ ನಾನು ಸತ್ತರೆ ಇದರ ಕಾಲುಭಾಗವಾದರೂ ಬಂದಾರೆಯೇ? ಹೆಣದ ಮುಂದೂ ಅವಳ ಹೊಟ್ಟೆಕಿಚ್ಚು ಆರಿರಲಿಲ್ಲ.

* * *

ಎರಡು ವರ್ಷದ ಹಿಂದೆ ನೆಗೆಣ್ಣಿಯರಿಬ್ಬರೂ ಒಂದೇ ದಿನ ಕೊಪ್ಪಳದ ಕಣ್ಣಿನ ದವಾಖಾನೆಗೆ ಹೋಗಿದ್ದರು. ಯಂತ್ರಕ್ಕೆ ಗದ್ದ ಆನಿಸಿ ಕೂರಿಸಿ, ಕಣ್ಣಿನ ಒಳಪರದೆಯ ಚಿತ್ರ ತೆಗೆದರು.

"ಇಬ್ಬರ ಎಡಗಣ್ಣಿನ ಪರದಿ ಮ್ಯಾಲೂ ಹಾಲಿನ ಕೆನಿಯಂಗ ಪದರ ಕಟ್ಟೈತಿ," ಎಂದರು ಡಾಕ್ಟರು. "ಶಿವಲಿಂಗಮ್ಮಂದು ದಪ್ಪ ಐತಿ, ಆಪರೇಷನ್ ಬೇಕು. ಸಣ್ಣವ್ವಂದು ತೆಳು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡ್ಸಿದ್ರ ಸಾಕು."

ಜೊತೆಗೆ, ನಡುವೆ ಕರಿಚುಕ್ಕೆಯಿದ್ದ ಒಂದು ಚೌಕುಳಿ ಗೆರೆಯ ಹಾಳೆ ಕೊಟ್ಟರು. ದಿನಾ ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು, ಗೆರೆ ಸೊಟ್ಟಗೆ ಕಂಡರೆ ತಡಮಾಡದೆ ಬರಬೇಕು.

"ಆಕಿಗೆ ಆಪರೇಷನ್, ನನಗ ಬರೇ ಫೋಟೋ," ಎಂದು ಸಣ್ಣವ್ವ ಬಸ್ಸಿನುದ್ದಕ್ಕೂ ಗೊಣಗಿದಳು. ಮತ್ತೆ ಆ ದವಾಖಾನೆಯ ಹೊಸ್ತಿಲು ತುಳಿಯಲಿಲ್ಲ. ಕಣ್ಣಿಗಾದರೆ ದವಾಖಾನೆಯುಂಟು, ಹೊಟ್ಟೆಕಿಚ್ಚಿಗೆ ಎಲ್ಲಿಯದು?

ಆಪರೇಷನ್ನಿನ ಹಿಂದಿನ ಚಿತ್ರ, ಆಮೇಲಿನ ಚಿತ್ರ ಎರಡನ್ನೂ ಶಿವಲಿಂಗಮ್ಮ ಬಂದವರಿಗೆಲ್ಲ ತೋರಿಸಿದಳು. "ಇಲ್ಲಿ ಉಬ್ಬಿತ್ತು ನೋಡ್ರಿ. ಈಗ ತಗ್ಗು ಬಂದೈತಿ. ಹಂಗ ಇರಬೇಕಂತ." ಮದುವೆಯ ಫೋಟೋವನ್ನೂ ಯಾರೂ ಹಾಗೆ ತೋರಿಸಿರಲಿಕ್ಕಿಲ್ಲ.

ದಿನಾ ಬೆಳಿಗ್ಗೆ ಅವಳು ಬಾಗಿ ನಿಂತು ಪಡಸಾಲೆಯ ಮೊಳೆಗೆ ತೂಗಿದ ಆ ಹಾಳೆ ನೋಡುವಳು. "ಸಣ್ಣಿ, ನೀನೂ ಒಮ್ಮೆ ನೋಡ ಬಾ." ಆಳುದ್ದದ ಹೆಂಗಸು ಹಾಗೆ ಬಾಗುವುದು ತನ್ನ ಗಿಡ್ಡತನದ ಅಣಕವೆಂದೇ ಸಣ್ಣವ್ವ ತಿಳಿದಿದ್ದಳು.

"ನಿನ್ನ ಗೆರಿ ನೆಟ್ಟಗಿದ್ರ ಸಾಕು ಬಿಡಕ್ಕ," ಎಂದು ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

* * *

"ಇಷ್ಟು ಕೆಳಗ ಯಾಕ ಹೊಡದಾಳ ಅಕ್ಕ ಈ ಮೊಳಿ?" ಗಾದಿಲಿಂಗಪ್ಪ ಹಾಳೆಗೆ ಕೈ ಹಾಕಿದ.

"ಹರೀಬ್ಯಾಡ ಮಾವ!" ಶಿವಲಿಂಗಮ್ಮನ ಮಗಳು ರೇಣುಕಮ್ಮ ಅಳುತ್ತಲೇ ತಡೆದಳು. "ಅದು ಚಿಗವ್ವಂದು. ಹಾಳಿ ಕಣ್ಣಿನ ಸಮ ಇರಬೇಕಂತ ಡಾಕ್ಟ್ರು ಹೇಳಿದ್ರು. 'ಸಣ್ಣಿ ಎತ್ತರಕ್ಕ ಹೊಡಿ' ಅಂತ ಅವ್ವನೇ ಮುಂದ ನಿಂತು ಹೊಡಿಸಿದ್ಲು. ಸೊಂಟ ನೋಯ್ತಿದ್ರೂ ತಾ ಬಾಗಿ ನೋಡ್ತಿದ್ಲು. 'ನಾ ನೋಡೋದು ಕಂಡರ ಆಕೀನೂ ನೋಡ್ಯಾಳು' ಅಂತಿದ್ಲು."

ಗಾದಿಲಿಂಗಪ್ಪ ಧೋತರವನ್ನು ಕಿಟಕಿಯ ಸರಳಿಗೆ ಕಟ್ಟಿದ.

ಸಣ್ಣವ್ವ ಅಡುಗೆಮನೆಯ ಬಾಗಿಲು ಬಿಟ್ಟು ಬಂದಳು. ಹೋಗಿ ಹಾಳೆಯ ಮುಂದೆ ನಿಂತಳು. ನಡುವಿನ ಕರಿಚುಕ್ಕೆ ಸರಿಯಾಗಿ ಅವಳ ಕಣ್ಣೆದುರಿಗಿತ್ತು. ಬಲಗಣ್ಣಿಗೆ ಅಂಗೈ ಒತ್ತಿದಳು. ಹಳೆಯ ಹೊರಸಿನ ಹಗ್ಗದಂತೆ ಗೆರೆಗಳು ನಡುವೆ ಕುಸಿದಿದ್ದವು. ಇದರಲ್ಲೂ ಆಕೆಯೇ ಗೆದ್ದಳಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿಯ ಬೆನ್ನಿಗೇ ಅಳು ಒತ್ತರಿಸಿ ಬಂತು.

"ಮಾರಿ ನೋಡೋರು ನೋಡ್ಕೊಳ್ರಿ, ಎತ್ತೋ ಹೊತ್ತಾತು," ಎಂದು ಅಂಗಳದಿಂದ ಕೂಗಿದರು.

ಬಲಗಣ್ಣಿನ ಕೈ ತೆಗೆಯದೆಯೇ ಸಣ್ಣವ್ವ ತಿರುಗಿದಳು. ಶಿವಲಿಂಗಮ್ಮನ ಹಣೆಯ ಮೇಲೆ ವಿಭೂತಿಯ ಮೂರು ಗೆರೆಗಳು ಸೊಟ್ಟಗಿದ್ದವು. ಹತ್ತಿರ ಹೋಗಿ, ಆ ಮುಖದ ಸಮಕ್ಕೆ ಬಾಗಿ, ಅಂಗೈಯನ್ನು ಎಡಗಣ್ಣಿಗೆ ಬದಲಿಸಿದಳು. ಮೂರೂ ಗೆರೆ ನೆಟ್ಟಗಾದವು.