ಐದನೆಯ ಇಯತ್ತೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಮಲಕಪ್ಪ ರಾಮಥಾಳದಲ್ಲಿ ಎದುರು ಸಿಕ್ಕವರ ಬಾಯಿಗೆಲ್ಲ ಪೇಢೆ ಹಾಕಿದ್ದ. ಮಗಳು ಕಸ್ತೂರಿಗೆ ಶೇಕಡಾ ತೊಂಬತ್ತೊಂದು ಬಂದರೆ ಯಾರು ಸುಮ್ಮನಿದ್ದಾರು? ತಿಂಗಳ ಮೇಲೆ ಸಿಇಟಿ ರ್‍ಯಾಂಕ್ ಬಂತು ನೋಡಿ, ಆ ಸಂಭ್ರಮ ಅರ್ಧಕ್ಕೆ ಇಳಿಯಿತು. ಪಿಯುಸಿಯದು ಅರ್ಧ, ಸಿಇಟಿಯದು ಅರ್ಧ ಕೂಡಿಸಿ ಕೊಡುವ ರ್‍ಯಾಂಕ್ ಅದು. ಊರಿಗೆ ಮೊದಲಿಗಳಾದ ಹುಡುಗಿ ರಾಜ್ಯದ ಸರದಿಯಲ್ಲಿ ಎಲ್ಲೋ ಹಿಂದೆ ನಿಂತಿದ್ದಳು.

ಹುನಗುಂದದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದ ಅರ್ಬಾಜ ಕಂಪ್ಯೂಟರಿನಿಂದ ತಲೆ ಎತ್ತಿದ.

"ಚಿಂತಿ ಮಾಡಬ್ಯಾಡ್ರಿ ಕಾಕಾ. ದನದ ಡಾಕ್ಟರ್ ಸೀಟು ಸಾಮಾನ್ಯ ಕೋಟಾದಾಗ ಸಿಗಂಗಿಲ್ಲ ಖರೆ, ಗ್ರಾಮೀಣ ಕೋಟಾದಾಗ ಸಿಕ್ಕ ಸಿಗತೈತಿ. ಒಂದರಿಂದ ಹತ್ತನೇತ್ತಾ ತನಕ ಹಳ್ಳ್ಯಾಗ ಓದ್ಯಾಳ ಅಂತ ಹೆಡ್‌ಮಾಸ್ತರ ಕಡೆ ಬರಸ್ಕೊಂಡು ಬರ್ರಿ. ಹತ್ತೂ ವರ್ಷ ಇರಬೇಕ್ರಿ ಮತ್ತ. ಒಂದು ಕಡಿಮಿ ಬಿದ್ರೂ ನಡ್ಯಂಗಿಲ್ಲ."

ಮಲಕಪ್ಪ ಬೆರಳು ಮಡಚಿ ಎಣಿಸುತ್ತ ಐದಕ್ಕೆ ನಿಂತ. ಐದನೆಯ ಇಯತ್ತೆಯನ್ನು ಕಸ್ತೂರಿ ಓದಿದ್ದು ಬಾಗಲಕೋಟೆಯಲ್ಲಿ.

ಅದು ಅವನ ಹೆಂಡತಿ ನಾಗರತ್ನಾ ಕ್ಯಾನ್ಸರ್ ಆಗಿ ಮಲಗಿದ್ದ ವರ್ಷ. ದವಾಖಾನೆಯ ಹಿಂದೆ ಒಂದು ಖೋಲಿ ಬಾಡಿಗೆ ಹಿಡಿದಿದ್ದರು. ಹುಡುಗಿಯನ್ನು ಊರಲ್ಲೇ ಬಿಡು, ಅಜ್ಜಿ ನೋಡಿಕೊಳ್ಳುತ್ತಾಳೆ ಎಂದು ಬಳಗವೆಲ್ಲ ಬುದ್ಧಿ ಹೇಳಿತು. ನಾಗರತ್ನಾ ಮಾತ್ರ ಗೋಡೆಯ ಕಡೆ ಮುಖ ಮಾಡಿ, "ಆಕಿ ನನ್ನ ಕಣ್ಣಮುಂದ ಇರ್ಲಿ" ಎಂದಿದ್ದಳು. ಮಲಕಪ್ಪ ಊರ ಶಾಲೆಯಿಂದ ಮಗಳ ಟಿಸಿ ಕಿತ್ತು, ಖೋಲಿಯ ಹತ್ತಿರದ ಶಾಲೆಗೆ ಹಚ್ಚಿದ. ಬೇಸಿಗೆ ಸೂಟಿ ಬೀಳುವ ಹೊತ್ತಿಗೆ ನಾಗರತ್ನಾ ತೀರಿಕೊಂಡಳು. ಆರನೆಯ ಇಯತ್ತೆಗೆ ಅಪ್ಪ ಮಗಳು ಇಬ್ಬರೇ ಊರಿಗೆ ಮರಳಿದರು.

ನಿಯಮ ಬರೆದ ಪುಣ್ಯಾತ್ಮರಿಗೆ ಹುಡುಗಿ ಆ ವರ್ಷ ಪೇಟೆಯಲ್ಲಿ ಯಾಕಿದ್ದಳು ಎಂಬುದು ಬೇಕಿರಲಿಲ್ಲ. ಇದ್ದಳೋ ಇಲ್ಲವೋ, ಅಷ್ಟೇ.

ಮರುದಿನ ಅಪ್ಪ ಮಗಳು ಊರ ಶಾಲೆಯ ಹೆಡ್‌ಮಾಸ್ತರ ಹೊಳಬಸಪ್ಪನವರ ಮುಂದೆ ಕುಳಿತರು. ನಾಗರತ್ನಾಳ ಮಣ್ಣಿಗೆ ಬಂದು ಮಕ್ಕಳ ಹಾಗೆ ಅತ್ತಿದ್ದ ಮನುಷ್ಯ ಅವರು. ಪ್ರಮಾಣಪತ್ರದಲ್ಲಿ ಒಂದೊಂದು ಇಯತ್ತೆಗೆ ಒಂದೊಂದು ಸಾಲು. ಒಂಬತ್ತು ತುಂಬಿ, ಐದನೆಯದರ ಮುಂದೆ ಪೆನ್ನು ನಿಲ್ಲಿಸಿದರು.

"ಮೂವತ್ತು ವರ್ಷದಾಗ ಒಂದು ಸುಳ್ಳು ಬರದಿಲ್ಲ ಮಲಕಪ್ಪ. ಈ ಕೂಸಿನ ಸಲುವಾಗಿ ಬರಿತೇನಿ. ರಿಟೈರ್ ಆಗಾಕ ಬಂದೇನಿ, ನನ್ನ ಏನ್ ಮಾಡ್ತಾರ?" ಎಂದು ಹಾಳೆಯನ್ನು ಕಸ್ತೂರಿಯ ಕಡೆ ಸರಿಸಿದರು. "ನೀ ಮೊದಲ ಸಹಿ ಮಾಡವಾ."

ಅವಳು ಪೆನ್ನು ಮುಟ್ಟಲಿಲ್ಲ.

"ಐದನೇತ್ತಾ ನಾ ಇಲ್ಲಿ ಓದಿಲ್ರಿ ಸರ್."

"ಒಂದು ಸಾಲಿಂದ ಏನಾಗ್ತೈತಿ?" ಮಲಕಪ್ಪ ಗದರಿದ. ಗದರಿದ್ದು ಹೆದರಿಕೆಗೆ. "ಎಮ್ಮಿ ಈಯಾಕ ಆಗದ ಸತ್ತಾಗಿಂದ ದನದ ಡಾಕ್ಟರ್ ಆಗ್ತೇನಿ ಅಂತ ಕುಂತಾಕಿ ನೀನ. ನಿಮ್ಮವ್ವ ಇದ್ದಿದ್ರ ಆಕೀನೂ ಸಹಿ ಮಾಡು ಅಂತಿದ್ಲು."

"ಆ ವರ್ಷ ನಾ ಇಲ್ಲಿದ್ದೆ ಅಂತ ಬರದ್ರ, ಅವ್ವನ ಹಂತ್ಯಾಕ ಯಾರಿದ್ರಪ್ಪಾ?" ಕಸ್ತೂರಿ ಕೇಳಿದಳು. "ಸಾಲಿ ಬಿಟ್ಟಕೂಡ್ಲೆ ಓಡಿ ಹೋಗ್ತಿದ್ದೆ. ಮಲಕೊಂಡ ಮಗ್ಗಿ ಕೇಳ್ತಿದ್ಲು. ಹದಿನೇಳರ ತನಕ ಬಂದಿದ್ವಿ. ಹದಿನೆಂಟು ನಾಳೆ ಕೇಳ್ತೇನಿ ಅಂದ್ಲು. ಅದನ್ನೆಲ್ಲ ಇಲ್ಲ ಅಂತ ನಾ ಹೆಂಗ ಸಹಿ ಮಾಡ್ಲಿ?"

ಹೊಳಬಸಪ್ಪನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಐದನೆಯ ಸಾಲಿನಲ್ಲಿ ಬಾಗಲಕೋಟೆ, ನಗರ ಪ್ರದೇಶ ಎಂದು ದುಂಡಗೆ ಬರೆದರು.

ಸೀಟು ಹಂಚಿಕೆಯ ದಿನ ಅರ್ಬಾಜ ಮೂರು ಸಲ ನೋಡಿದ. ಮೂರು ಸಲವೂ ಇಲ್ಲವೆಂದೇ ಬಂತು. ಕಸ್ತೂರಿ ಅಳಲಿಲ್ಲ. ಹುನಗುಂದದಲ್ಲೇ ಬಿಎಸ್ಸಿಗೆ ಹೆಸರು ಹಚ್ಚಿ ಬಂದಳು.

ಅಂದು ಸಂಜೆ ಹಾಲು ಹಿಂಡಲು ಕೊಟ್ಟಿಗೆಗೆ ಹೋದವಳು ಹೊರಗೆ ಬರಲೇ ಇಲ್ಲ. ಮಲಕಪ್ಪ ಹೋಗಿ ನೋಡಿದರೆ, ಚರಿಗೆ ಖಾಲಿ ಇತ್ತು. ಮಗಳು ಎಮ್ಮೆಯ ಕೊರಳಿಗೆ ಮುಖ ಹಚ್ಚಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬಳಗದ ಮಾತು ಕೇಳಿ ಅವಳನ್ನು ಅಂದು ಊರಲ್ಲೇ ಬಿಟ್ಟಿದ್ದರೆ ಸೀಟು ಸಿಗುತ್ತಿತ್ತು ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದ. ಆ ಮಾತು ಹೊರಬೀಳಲಿಲ್ಲ. ಹತ್ತಿರ ಹೋಗಿ, ಅವಳ ತಲೆಯ ಮೇಲೆ ಕೈಯಿಟ್ಟ.

"ಹದಿನೆಂಟರ ಮಗ್ಗಿ ಬರ್ತೈತೇನವಾ?" ಎಂದು ಕೇಳಿದ.

ಅಳುತ್ತಲೇ ಅವಳು ಹೇಳಲು ಶುರು ಮಾಡಿದಳು.