ಕಣಕುಂಬಿಯಲ್ಲಿ ಇಲ್ಲದ ಮಾಯಕ್ಕ

ಬೆಳಗಾವಿಯ ಅನಗೋಳದ ತ್ರಿವೇಣಿಗೆ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ. ಈ ವರ್ಷ ಅವಳ ಪಾಲಿಗೆ ಹೊಸದೊಂದು ವ್ಯವಸ್ಥೆ ಬಂದಿತ್ತು. ಮನೆಯಲ್ಲಿ ಹೊಡೆತಕ್ಕೋ ಹಿಂಸೆಗೋ ಸಿಕ್ಕಿ, ಮಕ್ಕಳ ರಕ್ಷಣಾಧಿಕಾರಿಗಳ ನಿಗಾದಲ್ಲಿರುವ ಮಗುವನ್ನು ಯಾವ ಆಸ್ಪತ್ರೆಗೆ ಕರೆತಂದರೂ ಅಲ್ಲಿನ ಪರದೆಯ ಮೇಲೆ ಕೆಂಪು ಗುರುತು ಮೂಡಬೇಕು. ಅದೇ ಗಳಿಗೆಗೆ ಅಧಿಕಾರಿಯ ಫೋನಿಗೂ ಸುದ್ದಿ ಮುಟ್ಟಬೇಕು. ಮೊದಲು ಖಾನಾಪುರ ತಾಲೂಕಿನಲ್ಲಿ ಶುರುಮಾಡುವುದೆಂದು ಗೊತ್ತಾಗಿತ್ತು. ಕಾಡಿನ ನಡುವಿನ ಕಣಕುಂಬಿಯಿಂದ ಸುದ್ದಿ ಹೊರಬೀಳುತ್ತದೆಯೇ ಎಂದು ಪರೀಕ್ಷಿಸಲು ತ್ರಿವೇಣಿ ಬೆಳಿಗ್ಗೆಯೇ ಅಲ್ಲಿನ ಆಸ್ಪತ್ರೆಗೆ ಬಂದು ಕೂತಿದ್ದಳು. ಜೊತೆಗಿದ್ದವಳು ನರ್ಸ್ ಕಾಶವ್ವ.

“ಖರೇ ಮಕ್ಕಳ ಹೆಸರು ಹಾಕೂದು ಬ್ಯಾಡ್ರಿ ಅಕ್ಕಾರ. ನಾವ ಒಂದ ಕೂಸನ್ನ ಹುಟ್ಟಿಸೂಣು. ಏನ್ ಹೆಸರಿಡೂಣ್ರಿ?” ಎಂದು ತ್ರಿವೇಣಿ ಕೇಳಿದಳು.

“ಇಲ್ಲದ ಕೂಸಿಗೆ ಮಾಯಕ್ಕ ಅಂತ ಇಡ್ರಿ.”

ಆ ಸೀಮೆಯಲ್ಲಿ ಒಂದೇ ಮಗುವಿನ ಹೆಸರು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಮರಾಠಿಯಲ್ಲಿ, ಮತ್ತೊಂದು ಕಡೆ ಇಂಗ್ಲಿಷಿನಲ್ಲಿ ಇರುತ್ತಿತ್ತು. ಕಂಪ್ಯೂಟರು ಅದನ್ನು ಮೂವರು ಮಕ್ಕಳೆಂದೇ ತಿಳಿದು ತ್ರಿವೇಣಿಯನ್ನು ವಾರಗಟ್ಟಲೆ ಸತಾಯಿಸಿತ್ತು. ಈಗ ಅವಳು ಮಾಯಕ್ಕನ ಹೆಸರನ್ನು ಮೂರೂ ಬಗೆಯಲ್ಲಿ ಬರೆದಳು. ಪಕ್ಕದಲ್ಲಿ ಕಾಶವ್ವ ಹೇಳುತ್ತಲೇ ಇದ್ದಳು: “ನಾಕ ವರ್ಷದ ಹುಡುಗಿ ಅಂತ ಬರೀರಿ. ಎರಡ ಜಡಿ. ಭಾಳ ಹಟಮಾರಿ, ಹಾಲು ಕುಡಿಯೂದಿಲ್ಲ.”

“ಹಾಲಿನ ಸುದ್ದಿ ಬರಿಯಾಕ ಜಾಗಾ ಇಲ್ರೀ ಅಕ್ಕಾರ,” ಎಂದು ನಗುತ್ತ ತ್ರಿವೇಣಿ ಗುಂಡಿ ಒತ್ತಿದಳು.

ಪರದೆಯ ಮೇಲೆ ಕೆಂಪು ಗುರುತು ಮೂಡಿತು. ಮೂರು ಹೆಸರು, ಒಂದೇ ಮಗು! ಕೆಳಗೆ ‘ಸುದ್ದಿ ಮುಟ್ಟಿದೆ’ ಎಂಬ ಹಸಿರು ಅಕ್ಷರ. ಇಬ್ಬರೂ ಚಪ್ಪಾಳೆ ತಟ್ಟಿದರು. ಮರುಗಳಿಗೆಯೇ ನೆಟ್ ಹೋಯಿತು. ಅಲ್ಲಿ ಫೋನಿಗಂತೂ ಮೊದಲೇ ಸಿಗ್ನಲ್ ಇಲ್ಲ. ಹೋದರೆ ಹೋಗಲಿ, ಕೆಲಸವಾಯಿತಲ್ಲ ಎಂದು ಇಬ್ಬರೂ ಚಹಾ, ಅವಲಕ್ಕಿ ಮುಂದಿಟ್ಟುಕೊಂಡು ಕೂತರು.

ತಾಟು ಖಾಲಿಯಾಗಿ ಒಂದು ತಾಸಾಗಿರಬೇಕು, ಅಂಗಳಕ್ಕೆ ಒಂದು ಜೀಪು ನುಗ್ಗಿ ಬಂದು ನಿಂತಿತು. ಇಳಿದವರು ಮಕ್ಕಳ ರಕ್ಷಣಾಧಿಕಾರಿ ಗಂಗಾದೇವಿ. ತೋಳಿನ ಮೇಲೆ ಕಂಬಳಿ, ಕೈಯಲ್ಲಿ ಬಿಸ್ಕತ್ತಿನ ಪುಡಿಕೆ, ದಾರಿಯಲ್ಲಿ ಜಾಂಬೋಟಿಯಲ್ಲಿ ಕೊಂಡ ಹಳದಿ ಫ್ರಾಕು.

“ಕೂಸು ಎಲ್ಲೈತ್ರಿ?” ಏದುಸಿರು ಬಿಡುತ್ತ ಕೇಳಿದರು.

ತ್ರಿವೇಣಿಗೆ ತನ್ನ ತಪ್ಪು ಆಗ ಹೊಳೆಯಿತು. ಪರೀಕ್ಷೆಗೆ ತನ್ನ ನಂಬರು ಹಾಕಬೇಕಿತ್ತು. ಮರೆತು ಗಂಗಾದೇವಿಯವರದನ್ನೇ ಬಿಟ್ಟಿದ್ದಳು.

“ಕೂಸ ಇಲ್ರಿ ಮೇಡಂ.”

“ಇಲ್ಲಂದ್ರ? ಯಾರ ಕರಕೊಂಡ ಹೋದ್ರು? ನೀವ್ಯಾಕ ಬಿಟ್ರಿ?”

“ಯಾರೂ ಒಯ್ದಿಲ್ರಿ. ಅದು... ಹುಟ್ಟೇ ಇಲ್ರಿ.”

ವಿಷಯವನ್ನೆಲ್ಲ ಕೇಳಿ ಗಂಗಾದೇವಿ ಬೆಂಚಿನ ಮೇಲೆ ಕುಸಿದು ಕೂತರು. ಕಂಬಳಿ ಮಡಿಲಲ್ಲೇ ಇತ್ತು. ಬೈಗುಳ ಬರುತ್ತದೆಂದು ತ್ರಿವೇಣಿ ತಲೆ ತಗ್ಗಿಸಿ ನಿಂತಳು. ಬಂದದ್ದು ನಗು. ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ಗಂಗಾದೇವಿ ನಕ್ಕರು.

“ಮೊದಲೆಲ್ಲಾ ಆಸ್ಪತ್ರಿಯಿಂದ ಒಂದ ಕಾಗದ ಬರಾಕ ವಾರ ಹಿಡೀತಿತ್ತವಾ. ಅಷ್ಟರಾಗ ಮನಿಯವರು ಕೂಸನ್ನ ಕರಕೊಂಡ ಊರ ಬಿಟ್ಟಿರತಿದ್ರು. ಇವತ್ತ ನಾ ಖಾನಾಪುರದಾಗ ಉಣ್ಣೂ ತಾಟ ಬಿಟ್ಟ ಎದ್ದ ಬಂದೇನಿ. ಕೂಸು ಇಲ್ಲ ಅನ್ನೂ ಮಾತ ಕೇಳಿ ಇಷ್ಟ ಖುಷಿ ಆಗಿದ್ದು ಇದ ಮೊದಲ ನೋಡು.”

“ಉಂಡಿಲ್ಲೇನ್ರಿ? ಬರ್ರಿ, ಕುಂದರ್ರಿ,” ಎಂದು ಕಾಶವ್ವ ಮತ್ತೆ ಅವಲಕ್ಕಿ ಒಗ್ಗರಣೆಗೆ ಎದ್ದಳು. ನೆಟ್ ಬಂದ ಮೇಲೆ ತ್ರಿವೇಣಿ, ಪರೀಕ್ಷೆಯ ಸುದ್ದಿಗಳೆಲ್ಲದರ ನೆತ್ತಿಯ ಮೇಲೆ ‘ಇದು ಪರೀಕ್ಷೆ’ ಎಂದು ದಪ್ಪಕ್ಷರ ಬರುವಂತೆ ಮಾಡಿದಳು. ಗಂಗಾದೇವಿ ಹಳದಿ ಫ್ರಾಕನ್ನು ಆಸ್ಪತ್ರೆಯ ಕಪಾಟಿನಲ್ಲಿಟ್ಟರು; ಮಳೆಯಲ್ಲಿ ಒದ್ದೆಯಾಗಿ ಬರುವ ಯಾವುದಾದರೂ ಹುಡುಗಿಗೆ ಆದೀತು. ಮಾಯಕ್ಕನನ್ನು ಅಳಿಸುವಾಗ ಮಾತ್ರ ಕಾಶವ್ವ ಆ ಕಡೆ ಮುಖ ತಿರುಗಿಸಿಕೊಂಡಳು.

ಜೀಪಿನಲ್ಲೇ ಬೆಳಗಾವಿಗೆ ಹೊರಟ ತ್ರಿವೇಣಿ, ಸಿಗ್ನಲ್ ಸಿಕ್ಕ ಕೂಡಲೇ ಆಟೋ ನಗರದಲ್ಲಿ ಗ್ಯಾರೇಜು ನಡೆಸುವ ಅಪ್ಪನಿಗೆ ಫೋನು ಹಚ್ಚಿದಳು.

“ಅಪ್ಪಾ, ಓಡ್ತು!”

“ಏನ್ ಓಡ್ತವಾ? ಯಾವ ಗಾಡಿ?”

“ಗಾಡಿ ಅಲ್ಲಪಾ, ಗಂಗಾದೇವಿ ಮೇಡಂ!” ಎಂದಳು ತ್ರಿವೇಣಿ. ಪಕ್ಕದಲ್ಲಿ ಕೂತ ಗಂಗಾದೇವಿ ಮತ್ತೆ ನಗತೊಡಗಿದರು.